ಕಾಯವೂ ಕಾಯಕವೂ



ಕಾಯದಿಂದ ನಡೆಯುವುದೇ ಕಾಯಕವು. ಆ ಕಾಯವೇ ರೋಗಕ್ಕೀಡಾದಾಗ ಕಾಯಕದ ಗತಿಯೇನು? ಅನೇಕ ಗೃಹಸ್ಥರ ಬಾಳಿನಲ್ಲಿ ಎದುರಾಗುವ ಪ್ರಶ್ನೆಯಿದು.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರು ವಿರಳವಾದುದು. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವಂಥದು. ನಮ್ಮ ದೇಶದಲ್ಲಿ ಇದು ದುಡಿಯುವ ವಯಸ್ಸಿನ ಬಹುಮಂದಿಯನ್ನು ಹಿಡಿಯುತ್ತದೆ. 1960ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾ ನಗರದ ವಿಜ್ಞಾನಿಗಳಿಬ್ಬರು ಈ ರೋಗಿಗಳ ರಕ್ತಕೋಶಗಳಲ್ಲಿ ವಿಕೃತವಾದ ಒಂದು ಕ್ರೋಮೊಸೋಮನ್ನು ಕಂಡರು. ಆ ವಿಕೃತಿಯಿಂದ ಹುಟ್ಟುವ ದೋಷವನ್ನೇ ತಡೆಯುವ ಇಮ್ಯಾಟಿನಿಬ್ ಎಂಬ ಔಷಧಕ್ಕೆ 2001ರಲ್ಲಿ ಆ ದೇಶದಲ್ಲಿ ಮನ್ನಣೆ ದೊರೆಯಿತು. ಹಿಂದೆ ಕೆಲವೇ ವರ್ಷಗಳಲ್ಲಿ ಪ್ರಾಣವನ್ನು ಕೊಂಡೊಯ್ಯುತ್ತಿದ್ದ ಈ ರೋಗವಿದ್ದೂ, ಇಂದು ನಿತ್ಯವೂ ಗುಳಿಗೆಯನ್ನು ಸೇವಿಸುತ್ತ ಬಹುಮಂದಿ ತಮ್ಮ ವೃತ್ತಿಗೆ ಮರಳುತ್ತಾರೆ. ಆದರೆ ಆಯಾಸ, ಸ್ನಾಯುಗಳ ಸೆಳೆತ, ಕಣ್ಣಿನ ಸುತ್ತಲಿನ ಬಾವು ಇವು ಕೆಲವರನ್ನು ಬಿಡವು. ನೋಡುವವರಿಗೆ ರೋಗವೂ ಕಾಣದು, ಒಳಗಿನ ದಣಿವೂ ಕಾಣದು.

ಅಂಥವರಿಗೆ ಎರಡು ಅಪಾಯಗಳುಂಟು. ಇನ್ನು ತಮ್ಮಿಂದೇನೂ ಆಗದೆಂದು ಕೈಚೆಲ್ಲಿ ಕೂರುವುದು ಒಂದು. ಹಿಂದಿನಷ್ಟೇ ದುಡಿದು ತೋರಿಸುವೆನೆಂಬ ಹಟದಿಂದ ವೈದ್ಯರ ಮಾತನ್ನು ಮೀರುವುದು ಇನ್ನೊಂದು. ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯಲ್ಲಿ ಎರಡಕ್ಕೂ ಉತ್ತರವಿದೆ. ಪತಿಯಾದ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕವು ನಿಂತಿತೆಂದು ಎಚ್ಚರಿಸಿದವಳು ಆ ಮಹಾತಾಯಿ. ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿದವಳೂ ಆಕೆಯೇ. ಕಾಯಕವನ್ನು ಬಿಡಲೂಬಾರದು, ಮಿತಿಯನ್ನು ಮೀರಲೂಬಾರದು. ಅಂದಂದಿನ ಶಕ್ತಿಗೆ ತಕ್ಕುದೇ ಅಂದಂದಿನ ಕಾಯಕವು. ಅರ್ಧ ದಿನದ ದುಡಿಮೆಯೂ ಶುದ್ಧ ಮನಸ್ಸಿನಿಂದ ನಡೆದರೆ ಪೂರ್ಣ ಕಾಯಕವೇ ಸರಿ. ಔಷಧವನ್ನು ತಪ್ಪದೆ ಸೇವಿಸುವುದೂ ಲಿಂಗಕ್ಕೆ ನೆಲೆಯಾದ ಈ ದೇಹಕ್ಕೆ ಸಲ್ಲತಕ್ಕ ನೇಮವು. ಮೈ ಹಗುರವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ರೋಗವು ಮರುಕಳಿಸಬಹುದು.

ಜೊತೆಯಲ್ಲಿ ದುಡಿಯುವವರಿಗೂ ಇಲ್ಲಿ ಧರ್ಮವುಂಟು. ಇದು ಅಂಟುವ ರೋಗವಲ್ಲ. ಮರಳಿ ಬಂದವರನ್ನು ದೂರವಿಡಲು ಕಾರಣವಿಲ್ಲ. ಕನಿಕರದ ಹೆಸರಿನಲ್ಲಿ ಅವರ ಕೈಯಿಂದ ಕೆಲಸವನ್ನೆಲ್ಲ ಕಸಿದುಕೊಳ್ಳುವುದು ಅವರ ಕಾಯಕವನ್ನೇ ಕಸಿದಂತೆ. ಭಾರವಾದ ಕೆಲಸವನ್ನು ಕೆಲವು ಕಾಲ ಹಂಚಿಕೊಂಡು, ಆಸ್ಪತ್ರೆಗೆ ಹೋಗುವ ದಿನ ಬಿಡುವು ಕೊಡುವುದು ದಾಸೋಹವೇ ಆಗುವುದು. ಅದನ್ನು ಸ್ವೀಕರಿಸಲು ರೋಗಪೀಡಿತರೂ ನಾಚಬೇಕಾದುದಿಲ್ಲ. ನೀಡುವ ಕೈಯಷ್ಟೇ ಪಡೆಯುವ ಕೈಯೂ ಪವಿತ್ರವೆಂದು ತಿಳಿದಲ್ಲಿ ದಾಸೋಹವು ಪೂರ್ಣವಾಗುತ್ತದೆ.