ಮಗ್ಗಲು ಬದಲಿಸಿದ ಲೆಕ್ಕ

ಔಷಧದ ಖಾಲಿ ಡಬ್ಬಿ ಬಿಡಿಸಿ ಹರಿದ ಎರಡು ರಟ್ಟು ನನ್ನ ಮೇಜಿನ ಮೇಲಿವೆ. ಒಳಮೈ ಮೇಲೆ ನೀಲಿ ಪೆನ್ನಿನಲ್ಲಿ, ಸ್ಕೇಲಿಲ್ಲದೆ ಎಳೆದ ಗೆರೆಗಳು. ಮೇಲೆ ತಾರೀಖು, ಎಡಕ್ಕೆ ತಾಸು. 6ಕ್ಕೆ ಬಲ, 8ಕ್ಕೆ ಎಡ, 10ಕ್ಕೆ ಬಲ, 12ಕ್ಕೆ ಮತ್ತೆ ಎಡ. ಪ್ರತಿ ಮನೆಯಲ್ಲೂ ಹೊರಳಿಸಿದವರ ಚಿಕ್ಕ ಸಹಿ. ಎರಡು ವಾರ ನಮ್ಮ ದೊಡ್ಡವ್ವನ ಮಂಚದ ತಲೆಕಡೆಯ ಸರಳಿಗೆ ಬ್ಯಾಂಡೇಜ್ ದಾರದಿಂದ ಕಟ್ಟಿದ್ದ ರಟ್ಟುಗಳಿವು. ಡಿಸ್ಚಾರ್ಜ್ ಆದ ದಿನ ಬಿಚ್ಚಿ ಮನೆಗೆ ತಂದೆವು.

ದೊಡ್ಡವ್ವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಮೊದಲು ಸೇರಿಸಿದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿ ಜೀವ ಉಳಿಸಿದರು, ಆ ಋಣ ದೊಡ್ಡದು. ಆದರೆ ಐದು ದಿನ ಅಂಗಾತ ಮಲಗಿಸಿಯೇ ಇಟ್ಟರು. "ಬೆನ್ನ ಉರಿ ಹತ್ತೇತವ್ವಾ" ಎಂದು ಆಕೆ ತೊದಲುತ್ತಲೇ ಇದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಪಕ್ಕದಲ್ಲೇ ಕೂತಿದ್ದ ನಾವು ಮನೆಮಂದಿಯೂ. ಆರನೇ ದಿನ ಬೇರೆ ಆಸ್ಪತ್ರೆಗೆ ತಂದಾಗ ಬಿ.ಎಸ್ಸಿ. ನರ್ಸಿಂಗ್ ಓದುವ ಹುಡುಗಿಯೊಬ್ಬಳು, ಸವದತ್ತಿ ಕಡೆಯವಳು, ಚಾದರ ಬದಲಿಸುವಾಗ ಬೆನ್ನ ಕೆಳಗೆ ಕೈ ಹಾಕಿ ನೋಡಿದಳು. ಟೊಂಕದ ಕೆಳಗೆ ನಾಣ್ಯದಗಲ ಕೆಂಪು. ನಡುವೆ ಚರ್ಮ ಸುಲಿದಿತ್ತು. ಅಂಚಿನಲ್ಲಿ ಬೆರಳಿಂದ ಮೆಲ್ಲಗೆ ಅದುಮಿದಳು. ಅದುಮಿದರೂ ಕೆಂಪು ಬಿಳುಪಾಗಲಿಲ್ಲ. "ಅಜ್ಜೀ, ಎಷ್ಟ್ ದಿನಾ ಆತ್ರಿ ಹಿಂಗ ಉರ್‍ಯಾಕತ್ತು?" ಎಂದು ಕೇಳಿದಳು. ದೊಡ್ಡವ್ವ ಅತ್ತುಬಿಟ್ಟಳು. ಐದು ದಿನದಲ್ಲಿ ಆ ಪ್ರಶ್ನೆ ಕೇಳಿದವಳು ಈಕೆಯೇ ಮೊದಲು. ಅವತ್ತು ಸಂಜೆ ಮೊದಲ ರಟ್ಟು ಮಂಚಕ್ಕೆ ಬಂತು.

ಹಾಸಿಗೆ ಹುಣ್ಣಿನಲ್ಲಿ ನಿಗೂಢವಾದದ್ದು ಏನೂ ಇಲ್ಲ. ಮೈಭಾರ ಎಲುಬಿನ ಮೊನೆಗಳ ಮೇಲೆ ಬೀಳುತ್ತದೆ. ಎಲುಬಿಗೂ ಗಾದಿಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಗಟ್ಟಿಮುಟ್ಟಾದವರು ನಿದ್ದೆಯಲ್ಲೇ ಹೊರಳುತ್ತಾರೆ, ಲಕ್ವಾ ಹೊಡೆದವರು ಹೊರಳಲಾರರು. ಚರ್ಮ ಸಾಯುತ್ತದೆ, ಆಮೇಲೆ ಮಾಂಸ. ಬಿಟ್ಟರೆ ಎಲುಬು ಕಾಣುವವರೆಗೂ ಹೋಗುತ್ತದೆ, ನಂಜೇರಿ ಜೀವಕ್ಕೇ ಕುತ್ತು ಬರುತ್ತದೆ. ತಡೆಯಲು ಬೇಕಾದದ್ದು ಎರಡು ತಲೆದಿಂಬು, ನೆರಿಗೆ ಇಲ್ಲದ ಒಣ ಚಾದರ, ಹೊತ್ತಿಗೆ ಸರಿಯಾಗಿ ಬರುವ ಎರಡು ಕೈ. ಆ ಹುಡುಗಿ ಚಾದರ ಹಾಸುವುದನ್ನು ನಾನು ಕಣ್ಣಿಟ್ಟು ನೋಡಿದ್ದೇನೆ. ಮೂಲೆಯನ್ನು ಲಕೋಟೆಯ ಬಾಯಿ ಮಡಚಿದಂತೆ ಮಡಚಿ ಗಾದಿಯ ಕೆಳಗೆ ಸೇರಿಸುತ್ತಿದ್ದಳು. ಆಮೇಲೆ ಅಂಗೈಯನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಎಳೆದುಕೊಂಡು ಹೋಗುತ್ತಿದ್ದಳು, ರೊಟ್ಟಿ ಹಿಟ್ಟಿನಲ್ಲಿ ಗಂಟು ಹುಡುಕುವವರ ಹಾಗೆ. ಒಂದು ನೆರಿಗೆ ಸಿಕ್ಕರೂ ಮತ್ತೆ ಎಳೆಯುತ್ತಿದ್ದಳು. ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷ ಕಲಿಸುವ ಪಾಠ ಇದು.

ಮೊನ್ನೆ ಹುಬ್ಬಳ್ಳಿ-ಧಾರವಾಡ ಅವಳಿನಗರದ ಒಂದು ನರ್ಸಿಂಗ್ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ದೀಪದಿಂದ ದೀಪ ಹಚ್ಚಿಕೊಂಡು ಹೊಸ ವಿದ್ಯಾರ್ಥಿಗಳು ಪ್ರತಿಜ್ಞೆ ಮಾಡಿದರು. ಆಮೇಲೆ ಪ್ರಾಚಾರ್ಯರು ವಾರ್ಷಿಕ ವರದಿ ಓದಿದರು. ಹೆಚ್ಚಿದ ಸೀಟು, ಫಲಿತಾಂಶ, ರ್‍ಯಾಂಕು, ಗೊಂಬೆ ಮಲಗಿಸಿ ಕಲಿಸುವ ಹೊಸ ಲ್ಯಾಬು, ಮಂಡಿಸಿದ ಪ್ರಬಂಧ, ನಡೆಸಿದ ಶಿಬಿರ, ಪರದೇಶಕ್ಕೆ ಹಾರಿದ ಹಳೆಯ ವಿದ್ಯಾರ್ಥಿಗಳು. ಒಂದೊಂದಕ್ಕೂ ಚಪ್ಪಾಳೆ ಬಿತ್ತು. ನಾನೂ ಮನಸಾರೆ ತಟ್ಟಿದೆ. ಹಳ್ಳಿಯ ಮನೆಯಿಂದ ಮೊದಲ ಬಾರಿ ಪದವಿಗೆ ಬಂದ ಹುಡುಗಿಯ ಅಪ್ಪ ಹಿಂದಿನ ಸಾಲಿನಲ್ಲಿ ಪಟಕಾ ಸರಿಮಾಡಿಕೊಳ್ಳುತ್ತ ನಿಂತೇ ನೋಡುತ್ತಿದ್ದ. ಆ ಸಂತೋಷದಲ್ಲಿ ಕೊಂಕು ಹುಡುಕುವ ಮನಸ್ಸು ನನಗಿಲ್ಲ. ಆದರೆ ವರದಿ ಮುಗಿಯುವವರೆಗೂ ಒಂದನ್ನು ಕಾಯುತ್ತಿದ್ದೆ. ನಮ್ಮ ಮಕ್ಕಳು ಈ ವರ್ಷ ಆರೈಕೆ ಮಾಡಿದ ರೋಗಿಗಳಿಗೆ ಏನಾಯಿತು? ಆ ಸಾಲು ಬರಲಿಲ್ಲ.

ಬೆಳವಣಿಗೆ ಕಣ್ಣಿಗೆ ಕಾಣುವಷ್ಟಿದೆ, ಸುಳ್ಳಲ್ಲ. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಶುರುವಾದಾಗ ಈ ಭಾಗಕ್ಕೆಲ್ಲ ಅದೊಂದೇ ದೊಡ್ಡ ಆಸರೆ. ನಮ್ಮ ಬಾಯಲ್ಲಿ ಅದು ಮೊದಲು ಕೆಎಂಸಿ, ಆಮೇಲೆ ಕಿಮ್ಸ್. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಕಾರವಾರ ಕಡೆಯ ಬಡವರು ಇವತ್ತಿಗೂ ಬುತ್ತಿ ಕಟ್ಟಿಕೊಂಡು ಬರುವುದು ಅಲ್ಲಿಗೇ. ಮೊದಲೆಲ್ಲ ಕರ್ನಾಟಕ ವಿಶ್ವವಿದ್ಯಾಲಯದ ಅಡಿ ಇದ್ದ ವೈದ್ಯಕೀಯ ಶಿಕ್ಷಣ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಯಿತು. ಧಾರವಾಡದ ಸತ್ತೂರಿನಲ್ಲಿ 2003ರಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಬಂತು, 2018ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯವೇ ತಲೆಯೆತ್ತಿತು. ಆ ಆವರಣದಲ್ಲೂ ನರ್ಸಿಂಗ್ ಸಂಸ್ಥೆ ಇದೆ, ಹುಬ್ಬಳ್ಳಿಯಲ್ಲಿ ಕೆಎಲ್‌ಇಯದ್ದಿದೆ, ಇನ್ನೂ ಹಲವಿವೆ. ಧಾರವಾಡದಲ್ಲಿ 1845ರಿಂದ ಇರುವ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್, ಮನಸ್ಸು ನೊಂದವರ ಆರೈಕೆ ಕಲಿಯಲು ಹತ್ತಿರದಲ್ಲೇ ಇರುವುದು ಇಲ್ಲಿನ ಮಕ್ಕಳ ಭಾಗ್ಯ. ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸು ಹತ್ತಿ ನೋಡಿ. ಬಿಳಿ ಕೋಟು ಮಡಚಿ ಮಡಿಲಲ್ಲಿಟ್ಟುಕೊಂಡ ಹುಡುಗಿಯರು, ಅವರ ನಡುವೆ ಈಗ ಹುಡುಗರೂ. ನರ್ಸ್ ಕೆಲಸಕ್ಕೆ ಮಗಳನ್ನು ಕಳಿಸಲು ಮನೆಯವರು ಹಿಂದೆಮುಂದೆ ನೋಡುತ್ತಿದ್ದ ಕಾಲ ನಾನು ಕಂಡಿದ್ದೇನೆ. ಈಗ ಮಗನನ್ನೂ ಕಳಿಸುತ್ತಾರೆ. ವಾರ್ಡಿನಲ್ಲಿ "ಬ್ರದರ್" ಎಂದು ಕರೆಯುವ ದನಿ "ಸಿಸ್ಟರ್" ಎನ್ನುವಷ್ಟೇ ಸಹಜವಾಗಿದೆ.

ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಆ ದೀಪದ ಕಾರ್ಯಕ್ರಮದಲ್ಲಿ ಹತ್ತು ಸಲ ಬಂತು. ದೀಪ ಹಿಡಿದ ಚಿತ್ರ ಎಲ್ಲರಿಗೂ ಗೊತ್ತು. ಆಕೆ ಲೆಕ್ಕದವಳು ಎಂಬುದು ಅಷ್ಟು ಗೊತ್ತಿಲ್ಲ. ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ, 1854ರ ನವೆಂಬರಿನಲ್ಲಿ, 38 ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ಆಕೆ ಬಂದ ಮೇಲೂ ಆ ಚಳಿಗಾಲವಿಡೀ ಸಾವು ಏರುತ್ತಲೇ ಹೋಯಿತು. ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದ ಅಡಿಯ ಕೊಳಚೆ ತೆಗೆಸಿ, ಗಾಳಿ ಬೆಳಕು ಬಿಡಿಸಿದ ಮೇಲೆ ಇಳಿಯಿತು. ಯುದ್ಧ ಮುಗಿದು ಊರಿಗೆ ಮರಳಿದಾಗ ಜನ ಆಕೆಯನ್ನು ಹೊತ್ತು ಕುಣಿಯಲು ಸಿದ್ಧರಿದ್ದರು. ಆಕೆ ಕೂತು ಸತ್ತವರ ಪಟ್ಟಿ ಮಾಡಿದಳು: ಯಾವ ತಿಂಗಳು ಎಷ್ಟು ಮಂದಿ, ಗಾಯದಿಂದ ಎಷ್ಟು, ರೋಗದಿಂದ ಎಷ್ಟು. ತಾನಿದ್ದ ಆಸ್ಪತ್ರೆಯ ಕೆಟ್ಟ ತಿಂಗಳುಗಳನ್ನೂ ಬಿಡಲಿಲ್ಲ. ಗುಂಡಿಗಿಂತ ಹೊಲಸು ಹೆಚ್ಚು ಸೈನಿಕರನ್ನು ಕೊಂದಿದೆ ಎಂದು ಅದನ್ನು ಬಣ್ಣದ ಚಕ್ರಗಳಾಗಿ ಬರೆದು ತೋರಿಸಿದಳು. ಒಮ್ಮೆಯೂ ಬಾರದ ಹಿಂದೂಸ್ತಾನದ ನೈರ್ಮಲ್ಯದ ಬಗ್ಗೆ ಮುಂದೆ ವರ್ಷಗಟ್ಟಲೆ ಬರೆದದ್ದೂ ಇದೇ ಲೆಕ್ಕದ ಹಟದಿಂದ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ 15 ಜನ ಕಲಿಯುವವರೊಂದಿಗೆ ಶುರುವಾಯಿತು. ಅಲ್ಲಿ ಪ್ರತಿ ವಿದ್ಯಾರ್ಥಿನಿಗೆ ತಿಂಗಳಿಗೊಂದು ಹಾಳೆ. ನಡತೆಗೆ ಒಂದು ಭಾಗ, ಕೆಲಸಕ್ಕೆ ಒಂದು ಭಾಗ. ಗಾಯ ಕಟ್ಟುವುದು, ಹಾಸಿಗೆ ಹಾಸುವುದು, ರೋಗಿಯನ್ನು ಗಮನಿಸಿ ನೋಡುವುದು, ಎದ್ದೇಳಲಾಗದವರನ್ನು ಹೊರಳಿಸುವುದು, ಒರೆಸುವುದು, ಉಣಿಸುವುದು. ಕಲಿಯಬೇಕಾದ ಕೆಲಸಗಳ ಆ ಪಟ್ಟಿಯಲ್ಲಿ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುವುದೂ ಸೇರಿತ್ತು. ಇದನ್ನು ಓದಿದ ದಿನ ಎದ್ದು ಹೋಗಿ ನಮ್ಮ ಮನೆಯ ರಟ್ಟು ತೆಗೆದು ನೋಡಿದೆ.

ನಮ್ಮಲ್ಲೂ ನಿಯಮ ಇಲ್ಲದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಇರಬೇಕು. ವರ್ಷಕ್ಕೆ 60 ಸೀಟಿನ ಕಾಲೇಜೆಂದರೆ ನಾಲ್ಕು ವರ್ಷಕ್ಕೆ 240 ಮಕ್ಕಳು, 24 ಶಿಕ್ಷಕರು. ಆದರೆ ಆ ಶಿಕ್ಷಕರು ದಿನಕ್ಕೆ ಎಷ್ಟು ತಾಸು ವಾರ್ಡಿನಲ್ಲಿ, ಮಂಚದ ಪಕ್ಕ, ಮಕ್ಕಳ ಕೈ ಹಿಡಿದು ನಿಂತಿದ್ದರು? ಸೀಟು ಹೆಚ್ಚಿದಾಗ ಮಂಚ ಹೆಚ್ಚಿತೇ? ಒಂದು ಮಂಚದ ಸುತ್ತ ಎಂಟು ಜನ ನಿಂತರೆ ಒಬ್ಬಳು ಮಾಡುತ್ತಾಳೆ, ಏಳು ಜನ ನೋಡುತ್ತಾರೆ. ನೋಡಿದವರಿಗೂ ರೆಕಾರ್ಡ್ ಬುಕ್ಕಿನಲ್ಲಿ ಸಹಿ ಬೀಳುತ್ತದೆ. ಗೊಂಬೆಯ ಮೇಲೆ ಸೂಜಿ ಚುಚ್ಚಿ ಕಲಿಯುವುದು ಒಳ್ಳೆಯದೇ, ಜೀವಂತ ಮೈಗೆ ಮೊದಲ ತಪ್ಪು ತಾಗುವುದಿಲ್ಲ. ಆದರೆ ಗೊಂಬೆ "ಉರಿ ಹತ್ತೇತಿ" ಅನ್ನುವುದಿಲ್ಲ.

ಇಲ್ಲಿ ಭಾಷೆಯ ಮಾತು ಬರುತ್ತದೆ, ನನಗೆ ಇದು ತೀರ ಮುಖ್ಯ. ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ವಾರ್ಡಿನ ನೋವೆಲ್ಲ ನಮ್ಮ ಕನ್ನಡದಲ್ಲಿ. ಹೊಟ್ಟಿ ನೂಸಾಕತ್ತೇತಿ ಅಂದರೆ ಒಂದು, ಹೊಟ್ಟಿ ಝಾಡಿಸಾಕತ್ತೇತಿ ಅಂದರೆ ಇನ್ನೊಂದು. ದಮ್ಮು ಬೇರೆ, ಎದಿ ಹಿಡಿಯುವುದು ಬೇರೆ. ಚಳಕು, ಉರಿ, ಬ್ಯಾನಿ, ಸಂಕಟ ಒಂದೊಂದೂ ಮೈಯ ಒಂದೊಂದು ಸುದ್ದಿ ಹೇಳುತ್ತದೆ. ಒಂದಕ್ಕೆ ಹೋಗಬೇಕು ಎನ್ನಲು ನಾಚಿ ರಾತ್ರಿಯಿಡೀ ತಡೆದುಕೊಂಡ ಮುದುಕಿಯರನ್ನು ನಾನು ನೋಡಿದ್ದೇನೆ. ಕೇಳುವವರು ಅದೇ ಮಾತಿನಲ್ಲಿ ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಕಲಿಯಲು ಬರುವ ಮಕ್ಕಳು ನಮ್ಮವರೇ, ಬರಲಿ. ಅವರಿಗೆ ಮೊದಲ ಆರು ತಿಂಗಳು ನೋವಿನ ಈ ಮಾತುಗಳನ್ನು ಕಲಿಸುವ ಜವಾಬ್ದಾರಿ ಕಾಲೇಜಿನದು. ಅಂಥದೊಂದು ಪುಟ್ಟ ಕೈಪಿಡಿಯನ್ನು ಇಲ್ಲಿನ ವಿಶ್ವವಿದ್ಯಾಲಯಗಳು ಮಾಡಬಾರದೇ? ಧಾರವಾಡದ ಮಣ್ಣಿನಲ್ಲಿ ಇದು ಹೊಸದೂ ಅಲ್ಲ. 1837ರಲ್ಲಿ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದರು. ಆ ಮಿಷನ್ನಿನ ಜರ್ಮನ್ ಪಾದ್ರಿ ಕಿಟ್ಟೆಲ್ ಕನ್ನಡಿಗರ ಬಾಯಿಮಾತು ಕೇಳಿ, ಬರೆದು, 1894ರಲ್ಲಿ ನಿಘಂಟು ಹೊರತಂದರು. ಇವತ್ತು ಜರ್ಮನಿಯಲ್ಲಿ ನರ್ಸ್ ಆಗಲು ಹೊರಟವರು ಬಿ-2 ಹಂತದವರೆಗೆ ಅಲ್ಲಿನ ಭಾಷೆ ಕಲಿಯುತ್ತಾರೆ. ಅಲ್ಲಿನ ಮುದುಕರ ನೋವು ತಿಳಿಯಬೇಕಲ್ಲ. ಹೋಗುವವರು ಹೋಗಲಿ, ಅವರು ಕಳಿಸುವ ರೊಕ್ಕದಿಂದ ಇಲ್ಲಿ ಮನೆಗಳು ನಿಂತಿವೆ, ತಮ್ಮ ತಂಗಿಯರು ಓದಿದ್ದಾರೆ. ಆ ದೇಶ ತನ್ನ ರೋಗಿಗಳಿಗಾಗಿ ಪಡುವ ಅಷ್ಟೇ ಕಾಳಜಿಯನ್ನು ನಮ್ಮ ದೊಡ್ಡವ್ವಂದಿರಿಗಾಗಿ ನಾವು ಪಡಬೇಕೆಂದು ನನ್ನ ಆಸೆ.

ದೊಡ್ಡವ್ವನ ವಾರ್ಡಿನಲ್ಲಿ ಕೋಟ್ಟಯಂ ಕಡೆಯ ಒಬ್ಬ ಹುಡುಗನಿದ್ದ. ಮೊದಲ ರಟ್ಟಿನಲ್ಲಿ ಅವನ ಮನೆಗಳಲ್ಲಿ ಅಕ್ಷರವೇ ಇಲ್ಲ, ಎಡಕ್ಕೊಂದು ಬಾಣ, ಬಲಕ್ಕೊಂದು ಬಾಣ. ಅವನ ಡ್ಯೂಟಿ ರಾತ್ರಿಯದು. ಬಂದವನೇ ಕೈ ತೊಳೆದು, ಒರೆಸಿಕೊಂಡು, ಅಂಗೈ ಉಜ್ಜಿ ಬಿಸಿ ಮಾಡಿಕೊಂಡೇ ಆಕೆಯನ್ನು ಮುಟ್ಟುತ್ತಿದ್ದ. ಹುಣ್ಣಿನ ಅಂಚಿನಲ್ಲಿ ಹೊಸ ಚರ್ಮ ಗುಲಾಬಿಯಾಗಿ ಕಾಣಿಸಿಕೊಂಡ ದಿನ ಟಾರ್ಚು ಹಿಡಿದು ನನ್ನನ್ನು ಕರೆದು ತೋರಿಸಿದ. ದೊಡ್ಡವ್ವ ಅವನಿಗೆ ದಿನಕ್ಕೊಂದು ಮಾತು ಕಲಿಸುತ್ತಿದ್ದಳು. ಮಗ್ಗಲು, ತಲೆದಿಂಬು, ಸಾಕು, ಇನ್ನಷ್ಟ ಸರಿ. ಸವದತ್ತಿಯ ಹುಡುಗಿ ಡ್ಯೂಟಿ ಬಿಡುವ ಮೊದಲು ಅವನಿಗೆ ಅಕ್ಷರ ತಿದ್ದಿಸುತ್ತಿದ್ದಳು.

ಎರಡನೇ ರಟ್ಟಿನಲ್ಲಿ, ಬುಧವಾರದ ಸಾಲಿನಲ್ಲಿ, ರಾತ್ರಿ 2ರ ಮನೆ ತುಂಬಿದೆ. ಬೆಳಗಿನ ಜಾವ 4ರ ಮನೆ ಖಾಲಿ. ಅದನ್ನು ತುಂಬಿಬಿಡುವುದು ಸುಲಭವಿತ್ತು, ಆ ಹೊತ್ತಿನಲ್ಲಿ ನಾವೆಲ್ಲ ನಿದ್ದೆಯಲ್ಲಿದ್ದೆವು. ಅವನು ತುಂಬಲಿಲ್ಲ. ಪಕ್ಕದ ಅಂಚಿನಲ್ಲಿ, ಒತ್ತಕ್ಷರ ತಪ್ಪಿದ ಗುಂಡಗುಂಡಗಿನ ಕನ್ನಡದಲ್ಲಿ ಬರೆದಿದ್ದಾನೆ: 'ಅಜ್ಜಿ ಮಲಗಿದರು. ಎಬಿಸಲಿಲ್ಲ. 4.30 – ಎಡ.' ಕೆಳಗೆ ಸಹಿ ಇದೆ.