ಪರೋಕ್ಷಜ್ಞಾನಿಯ ಹಸ್ತಾಕ್ಷರ

ಕಾಣದ, ಮುಟ್ಟದ ವಸ್ತುವಿನ ವಿಷಯದಲ್ಲಿ ಮನುಷ್ಯನಿಗೆ ಹುಟ್ಟುವ ಅರಿವು ನಿಜವಾದ ಅರಿವೇ, ಅಥವಾ ಅರಿವಿನ ವೇಷವೇ ಎಂಬ ಪ್ರಶ್ನೆಯು ನಮ್ಮ ದಾರ್ಶನಿಕರಿಗೆ ಹೊಸದೇನೂ ಅಲ್ಲ. ಆದರೆ ಅದು ವೇದಾಂತದ ಪಾಠಶಾಲೆಯಿಂದ ಹೊರಟು ವಿಮಾನಗಳ ಹ್ಯಾಂಗರಿನ ಬಾಗಿಲಲ್ಲಿ ಬಂದು ನಿಂತಿರುವುದು ಈ ಕಾಲದ ವಿಶೇಷ. ಫಾಲ್ಕನ್, ಗಲ್ಫ್‌ಸ್ಟ್ರೀಮ್, ಚಾಲೆಂಜರ್ ಮೊದಲಾದ ಬಿಸಿನೆಸ್ ಜೆಟ್‌ಗಳ ನಿರ್ವಹಣೆಗೆ ತೊಡಗಲಿರುವ ಎಂಜಿನಿಯರರಿಗೆ, ಅವರು ಆ ವಿಮಾನದ ನೆರಳನ್ನು ಕೂಡ ಕಾಣುವ ಮೊದಲೇ, ಆನ್‌ಲೈನಿನಲ್ಲಿ ಪರಿಚಯ ತರಬೇತಿಯನ್ನು ಕೊಡುವ ಪದ್ಧತಿಯು ಬಳಕೆಗೆ ಬಂದಿದೆ.

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ, ಮುಲ್ಲಾಮಾರಿಯ ದಡದ ಮನೆಯೊಂದರಲ್ಲಿ, ತರುಣನೊಬ್ಬನು ಇಂತಹ ಪಾಠಕ್ಕೆ ಕುಳಿತಿದ್ದಾನೆಂದು ಭಾವಿಸೋಣ. ಆತನು ವಿಮಾನವನ್ನೇ ಕಂಡವನಲ್ಲವೆಂದಲ್ಲ. ಕಲಬುರಗಿಯಿಂದ ಸೇಡಮಿಗೆ ಹೋಗುವ ದಾರಿಯ ಶ್ರೀನಿವಾಸ ಸರಡಗಿಯಲ್ಲಿ 2019ರ ನವೆಂಬರ್ 22ರಂದು ವಿಮಾನನಿಲ್ದಾಣವು ಉದ್ಘಾಟನೆಗೊಂಡು, ಪೈಲಟ್ ತರಬೇತಿಯ ಶಾಲೆಗಳೂ ಅಲ್ಲಿ ನೆಲೆಸಿ, ಚಿಕ್ಕ ವಿಮಾನಗಳ ಸದ್ದು ಆ ಕಡೆಯ ತೊಗರಿ ಹೊಲಗಳಿಗೆ ಅಪರಿಚಿತವಾಗಿ ಉಳಿದಿಲ್ಲ. ಆದರೆ ಬಿಸಿನೆಸ್ ಜೆಟ್ಟಿನ ಒಡಲೊಳಗೆ ಕೈಯಿಡಬೇಕಾದರೆ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದಂತಹ ಎಡೆಗೇ ಹೋಗಬೇಕು. 2008ರ ಮೇ ತಿಂಗಳಲ್ಲಿ ಸಾರ್ವಜನಿಕ ಪ್ರಯಾಣದ ವಿಮಾನಗಳೆಲ್ಲ ದೇವನಹಳ್ಳಿಗೆ ತೆರಳಿದ ಮೇಲೆ ಆ ಹಳೆಯ ನಿಲ್ದಾಣವನ್ನು ಬಿಡದೆ ಉಳಿದವುಗಳಲ್ಲಿ ಇಂತಹ ಜೆಟ್‌ಗಳೂ ಸೇರಿವೆ. ಅಲ್ಲಿಯವರೆಗೆ ಆ ತರುಣನಿಗೆ ಇರುವುದು ಪರದೆ, ಚಿತ್ರ, ಮಾತು ಇಷ್ಟೇ.

ಪಾಠದ ಕ್ರಮವಾದರೋ ಬಲು ಶಿಸ್ತಿನದು. ಯಾವ ಕಂಪನಿಯ ವಿಮಾನವಾದರೂ ಅದರ ಅಂಗಾಂಗಗಳಿಗೆ ಒಂದೇ ಅಧ್ಯಾಯಸಂಖ್ಯೆ: 24 ಎಂದರೆ ವಿದ್ಯುತ್ತು, 29 ಹೈಡ್ರಾಲಿಕ್ಸ್, 32 ಚಕ್ರಸಮೇತವಾದ ಲ್ಯಾಂಡಿಂಗ್ ಗೇರು. ಪರಿಚಯದ ಪಾಠವು ಮೊದಲನೆಯ ಮೆಟ್ಟಿಲು. ಅದನ್ನು ಮುಗಿಸಿದವನು ವಿಮಾನದ ವ್ಯವಸ್ಥೆಗಳನ್ನು ಸಾಮಾನ್ಯವಾದ ಮಾತುಗಳಲ್ಲಿ ವಿವರಿಸಬಲ್ಲನು, ಅಪಾಯವೆಲ್ಲಿದೆಯೆಂಬುದನ್ನು ಗುರುತಿಸಬಲ್ಲನು. ದೋಷವನ್ನು ಪತ್ತೆಹಚ್ಚುವುದು, ಭಾಗವನ್ನು ಬಿಚ್ಚಿ ಜೋಡಿಸುವುದು ಮೊದಲಾದವುಗಳೆಲ್ಲ ಮೇಲಿನ ಮೆಟ್ಟಿಲಿಗೆ, ಅಂದರೆ ವಿಸ್ತಾರವಾದ ಸಿದ್ಧಾಂತಪಾಠಕ್ಕೂ ಕೈಕೆಲಸಕ್ಕೂ ಸೇರಿದ್ದು.

ಇದನ್ನು ಕೇಳಿದ ಹಿರಿಯ ಮೆಕ್ಯಾನಿಕ್ಕರು ನಗುತ್ತಾರೆ. ಸ್ಪ್ಯಾನರ್ ಹಿಡಿಯದ ವಿದ್ಯೆಯೂ ಒಂದು ವಿದ್ಯೆಯೇ ಎಂಬುದು ಅವರ ಆಕ್ಷೇಪ. ಆ ನಗೆಯಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಅದಕ್ಕೆ ಉತ್ತರವು ಚಿಮ್ಮನಚೋಡದ ಹೊಳೆಯೇ ಹರಿದುಹೋಗುವ ದಿಕ್ಕಿನಲ್ಲಿದೆ. ಮುಲ್ಲಾಮಾರಿಯು ಕಾಗಿಣಾ ನದಿಯನ್ನು ಸೇರುತ್ತದೆ. ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ. ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಆ ಊರಿನಲ್ಲಿಯೇ ಜಯತೀರ್ಥರ ಬೃಂದಾವನವಿರುವುದೆಂದು ಉತ್ತರಾದಿ ಮಠದ ಪರಂಪರೆಯು ನಂಬಿ ಪೂಜಿಸುತ್ತದೆ. ಟೀಕಾಚಾರ್ಯರೆಂದು ಪ್ರಸಿದ್ಧರಾದ ಆ ಮಹನೀಯರು 14ನೆಯ ಶತಮಾನದಲ್ಲಿ ರಚಿಸಿದ ‘ಪ್ರಮಾಣಪದ್ಧತಿ’ಯು ಅರಿವಿನ ಸಾಧನಗಳನ್ನೇ ವಿಚಾರಿಸುವ ಗ್ರಂಥ. ವಸ್ತುವು ಹೇಗಿದೆಯೋ ಹಾಗೆಯೇ ಅದನ್ನು ಗ್ರಹಿಸುವುದೇ ಪ್ರಮಾಣವೆಂಬ ನಿಲುವಿನಿಂದ ಹೊರಟು, ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಸಾಧನಗಳನ್ನು ಅವರು ಒಪ್ಪುತ್ತಾರೆ. ಆಗಮವೆನಿಸಿದ ದೋಷರಹಿತವಾದ ಶಬ್ದವು ಇಂದ್ರಿಯವನ್ನು ಬೇಡುವ ಭಿಕ್ಷುಕನಲ್ಲ. ತನ್ನ ವಿಷಯದಲ್ಲಿ ಅದು ಸ್ವತಂತ್ರವಾದ ಪ್ರಮಾಣ. ವಿಮಾನ ತಯಾರಕನು ಪ್ರಕಟಿಸಿದ ನಿರ್ವಹಣಾ ಕೈಪಿಡಿಯನ್ನು ವೇದಕ್ಕೆ ಸಮಗಟ್ಟುವ ಧಾರ್ಷ್ಟ್ಯ ನನಗಿಲ್ಲ. ಕೈಪಿಡಿಗೆ ಕಾಲಕಾಲಕ್ಕೆ ತಿದ್ದುಪಡಿ ಬರುತ್ತದೆ, ಅಪೌರುಷೇಯವಾದ ವೇದಕ್ಕೆ ಅದಿಲ್ಲ. ಆದರೂ ಕಣ್ಣು ಮತ್ತು ಶಬ್ದ ಎದುರಾದಾಗ ಯಾವುದನ್ನು ನಂಬಬೇಕೆಂಬ ಇಕ್ಕಟ್ಟು ಎರಡು ಕಡೆಯೂ ಒಂದೇ.

ಈ ಇಕ್ಕಟ್ಟಿಗೊಂದು ನಿದರ್ಶನವಿದೆ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಲಗಾಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು, ವಿಮಾನವು 17,000 ಅಡಿಗಿಂತ ಮೇಲಿದ್ದಾಗ, ಕಿತ್ತು ಹಾರಿಹೋಯಿತು. ಕ್ಯಾಪ್ಟನ್ನನ ಅರ್ಧ ಶರೀರವು ಕಿಟಕಿಯಿಂದ ಹೊರಕ್ಕೆ ಸೆಳೆಯಲ್ಪಟ್ಟಿತು. ಸಿಬ್ಬಂದಿಯು ಅವನ ಕಾಲುಗಳನ್ನು ಹಿಡಿದುಕೊಂಡಿರಲು ಸಹಪೈಲಟ್ಟು ಸೌತಾಂಪ್ಟನ್ನಿನಲ್ಲಿ ವಿಮಾನವನ್ನಿಳಿಸಿದನು. ಆಶ್ಚರ್ಯವೆಂದರೆ ಎಲ್ಲರೂ ಬದುಕಿದರು. ಹಾರಾಟಕ್ಕೆ ಮುಂಚಿನ ರಾತ್ರಿಪಾಳಿಯೊಂದರಲ್ಲಿ ಆ ಗಾಜನ್ನು ಕೂರಿಸಿದವನು ಪರದೆಯ ಮುಂದೆ ಕಲಿತ ಎಳೆಯನಲ್ಲ, ಅನುಭವಸ್ಥನಾದ ಮೇಲ್ವಿಚಾರಕ. ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ಮಬ್ಬು ಬೆಳಕಿನಲ್ಲಿ, ಡಬ್ಬಿಯ ಹೊಸ ಬೋಲ್ಟುಗಳೊಡನೆ ಕಣ್ಣಳತೆಯಿಂದ ಹೋಲಿಸಿ ಆರಿಸಿದನು. ಬಿಡಿಭಾಗಗಳ ಪಟ್ಟಿಯನ್ನು ತೆರೆದು ನೋಡಲಿಲ್ಲ. ಉಗ್ರಾಣದವನು ಸರಿಯಾದ ಅಳತೆಯನ್ನು ಬಾಯಿಬಿಟ್ಟು ಹೇಳಿದುದನ್ನೂ ಗಣಿಸಲಿಲ್ಲ. 90 ಬೋಲ್ಟುಗಳಲ್ಲಿ 84 ತೆಳುವಾದವು, ಆ ತೆಳುವಿಕೆಯೂ ಒಂದು ಮಿಲಿಮೀಟರಿಗಿಂತ ಕಡಮೆ. ಶಬ್ದಕ್ಕೆ ತಿಳಿದಿದ್ದ ಸತ್ಯ ಕಣ್ಣಿಗೆ ತಿಳಿದಿರಲಿಲ್ಲ.

ಮಾನ್ಯಖೇಟದೊಡನೆ ಜೈನ ಕಥೆಗಳು ಜೋಡಿಸಿರುವ ತಾರ್ಕಿಕ ಅಕಲಂಕನ ಪರಂಪರೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅವನು ‘ರಾಜವಾರ್ತಿಕ’ವನ್ನು ಬರೆದದ್ದು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ಕ್ಕೆ ವ್ಯಾಖ್ಯಾನವಾಗಿ. ಆ ಸೂತ್ರಗಳ ಎಣಿಕೆಯಲ್ಲಿ ಕೇಳಿ ತಿಳಿದ ಶ್ರುತಜ್ಞಾನ ಮಾತ್ರವಲ್ಲದೆ ಇಂದ್ರಿಯಗಳಿಂದ ಬರುವ ಮತಿಜ್ಞಾನವೂ ಪರೋಕ್ಷವೇ, ಏಕೆಂದರೆ ಆತ್ಮಕ್ಕೂ ವಸ್ತುವಿಗೂ ನಡುವೆ ಇಂದ್ರಿಯವೆಂಬ ಮಧ್ಯಸ್ಥನಿದ್ದಾನೆ. ಲೋಕದ ವ್ಯವಹಾರ ನಡೆಯಬೇಕಲ್ಲ ಎಂದು ಅಕಲಂಕನು ಇಂದ್ರಿಯಜ್ಞಾನಕ್ಕೆ ಸಾಂವ್ಯವಹಾರಿಕ ಪ್ರತ್ಯಕ್ಷವೆಂಬ ಉಪಾಧಿಯ ಪದವಿಯನ್ನಿತ್ತನು. ಈ ದೃಷ್ಟಿಯಿಂದ ನೋಡಿದರೆ ಚಿಮ್ಮನಚೋಡದ ತರುಣನೂ ಬರ್ಮಿಂಗ್‌ಹ್ಯಾಮಿನ ಮೇಲ್ವಿಚಾರಕನೂ ಪರೋಕ್ಷಜ್ಞಾನಿಗಳೇ. ಒಬ್ಬನಿಗೆ ಅದು ಗೊತ್ತಿದೆ, ಇನ್ನೊಬ್ಬನಿಗೆ ಗೊತ್ತಿರಲಿಲ್ಲ.

ಹಾಗಾದರೆ ಪರದೆಯ ಪಾಠವೇ ಸಾಕೆ? ಸಾಲದು, ಸಾಲದೆಂಬುದನ್ನು ಆ ಪಾಠವೇ ಒಪ್ಪಿಕೊಳ್ಳುವುದರಲ್ಲಿ ಅದರ ಹಿರಿಮೆಯಿದೆ. ದುರಸ್ತಿಯಾದ ವಿಮಾನವು ಹಾರಲು ಯೋಗ್ಯವೆಂದು ಸಹಿ ಮಾಡುವವನಿಗೆ ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಲೈಸೆನ್ಸು ಬೇಕು. ಇಂತಹ ಜೆಟ್ಟಾದರೆ ಆ ಮಾದರಿಯ ಹೆಸರು ಲೈಸೆನ್ಸಿನಲ್ಲಿ ನಮೂದಾಗಿರಬೇಕು. ಅದಕ್ಕೆ ಸಿದ್ಧಾಂತದೊಡನೆ ಕೈಕೆಲಸದ ತರಬೇತಿಯೂ ಆಗಿರಬೇಕು. ಪರಿಚಯದ ಪ್ರಮಾಣಪತ್ರದಿಂದ ಆ ಸಹಿಯ ಹಕ್ಕು ಬರುವುದಿಲ್ಲ. ಶ್ರವಣ, ಮನನ, ಧ್ಯಾನಗಳಾದ ಮೇಲೆ ಅಪರೋಕ್ಷ, ಅಂದರೆ ನೇರವಾದ ಅರಿವು, ಎಂದು ಮಧ್ವಸಿದ್ಧಾಂತವು ಹೇಳುವ ಕ್ರಮವನ್ನು, ಶ್ರವಣವನ್ನು ಹೀಗಳೆಯದೆಯೂ ಅದಕ್ಕೆ ಅಪರೋಕ್ಷದ ಕಿರೀಟವನ್ನು ಇಡದೆಯೂ, ವಿಮಾನದ ನಿಯಮಶಾಸ್ತ್ರವು ತನಗರಿಯದೆಯೇ ಪಾಲಿಸುತ್ತಿದೆ.

ಧರ್ಮದ ಕಡೆಯವರಾದ ನಾವು ಇಷ್ಟು ಪ್ರಾಮಾಣಿಕರಾಗಿಲ್ಲವೆಂದು ನನ್ನ ಅಭಿಪ್ರಾಯ. ಮೊಬೈಲಿನಲ್ಲಿ ಉಪನಿಷತ್ತಿನ ಪ್ರವಚನವನ್ನು ಕೆಲವು ವಾರ ಕೇಳಿದವನು ಮರುತಿಂಗಳೇ ಅನ್ಯರಿಗೆ ಮೋಕ್ಷದ ಮಾರ್ಗವನ್ನು ನಿರ್ದೇಶಿಸುತ್ತಾನೆ. ಅವನ ಸಹಿಯನ್ನು ಪರೀಕ್ಷಿಸುವ ನಿರ್ದೇಶನಾಲಯವೂ ಇಲ್ಲ, ಬೋಲ್ಟು ತೆಳುವಾಗಿತ್ತೆಂದು ತಿಳಿಯಲು ಮುಂಗಾಜು ಹಾರಿಹೋಗುವುದೂ ಇಲ್ಲ. ಆದಕಾರಣ ಆನ್‌ಲೈನಿನಲ್ಲಿ ವೇದಾಂತವನ್ನೂ ವಚನವನ್ನೂ ಬೋಧಿಸಿ ಪ್ರಮಾಣಪತ್ರಗಳನ್ನು ಹಂಚುತ್ತಿರುವ ಸಂಚಾಲಕ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ: ಇದು ಪರಿಚಯ ಮಾತ್ರ, ಇದರಿಂದ ಅಧಿಕಾರ ಬರುವುದಿಲ್ಲವೆಂಬ ಒಂದು ಸಾಲನ್ನು ದಯವಿಟ್ಟು ಆ ಕಾಗದದ ಕೆಳಗೆ ಅಚ್ಚುಹಾಕಿಸಿರಿ.