ದುಡಿಯಲೊಲ್ಲದವನೂ ದುಡಿತ ದೊರಕದವನೂ

ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ನಮ್ಮ ಹಳ್ಳಿಗಳ ಬಾಗಲಿಗೆ ದಾರಿಗರು ಬರುವದು ನಿಮಗೆ ತಿಳಿದ ಸಂಗತಿಯೇ. ಅವರಿಗೆ ಊರೆಂಬದಿಲ್ಲ, ಮನೆಯೆಂಬದಿಲ್ಲ; ಸಂತೆಯ ಕಟ್ಟೆಯೇ ರಾತ್ರಿಯ ಹಾಸಿಗೆ. ಕಳೆದ ವರುಷ ಅಂಥವನೊಬ್ಬನು ನಮ್ಮ ಜಗಲಿಯ ಮುಂದೆ ನಿಂತು ಗಂಜಿ ಬೇಡಿದನು. ವಯಸ್ಸು ಮೂವತ್ತನ್ನು ಮೀರಿರಲಾರದು, ಮೈಕಟ್ಟೂ ಗಟ್ಟಿಯಾಗಿತ್ತು. "ಕೈಕಾಲು ನೆಟ್ಟಗಿವೆಯಲ್ಲಾ, ದುಡಿದು ಉಣ್ಣಬಾರದೋ?" ಎಂದೆವು. ಅವನು ಸಿಟ್ಟಾಗಲಿಲ್ಲ. "ಕೆಲಸ ಇದ್ದರೆ ಕೊಡ್ರಿ, ಯಪ್ಪಾ" ಎಂದನು. ನಮ್ಮಲ್ಲಿ ಕೊಡತಕ್ಕ ಕೆಲಸವಿರಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು ಹೊರಟುಹೋದನು. ಗಂಜಿಯನ್ನೂ ಕೊಡಲಿಲ್ಲವೆಂಬದು ಅವನು ಊರ ಬಾಗಲು ದಾಟಿದ ಮೇಲೆ ನಮ್ಮ ನೆನಪಿಗೆ ಬಂತು.

ಆ ದಿನ ನಾವು ಆಡಿದ ಮಾತು ನಮ್ಮ ಸ್ವಂತದ್ದೇನೂ ಅಲ್ಲ. ಅಪೊಸ್ತಲನಾದ ಪೌಲನು ಥೆಸಲೊನೀಕದ ಸಭೆಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ದುಡಿಯದವನ ಊಟದ ವಿಷಯವಾಗಿ ಕೊಟ್ಟ ಅಪ್ಪಣೆಯನ್ನು ನಮ್ಮಲ್ಲಿ ಬಾಯಿಪಾಠ ಮಾಡದವರು ಕಡಿಮೆ. ಆದರೆ ಆ ವಚನವನ್ನು ಮೆಲ್ಲನೆ ಓದಿದರೆ ಅದು ದುಡಿಯಲು ಮನಸ್ಸಿಲ್ಲದವನನ್ನು ಕುರಿತದ್ದೆಂದು ಕಾಣುವದು. ಮನಸ್ಸಿದ್ದು ದುಡಿತ ಸಿಕ್ಕದವನನ್ನು ಕುರಿತು ಅಲ್ಲಿ ಒಂದು ಮಾತೂ ಇಲ್ಲ. ಈ ಇಬ್ಬರನ್ನೂ ಬಾಗಲಲ್ಲಿ ನಿಂತು ಮುಖ ನೋಡಿ ಬೇರ್ಪಡಿಸುವದು ಹೇಗೆ? ಈ ಪ್ರಶ್ನೆಗೆ ತಮ್ಮ ಆಯುಷ್ಯದ ಬಹುಭಾಗವನ್ನು ಕೊಟ್ಟ ಒಬ್ಬ ಬೋಧಕರ ಸಂಗತಿಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

ಇವರು ಜರ್ಮನಿ ದೇಶದ ಫ್ರೀಡ್ರಿಕ್ ಫೊನ್ ಬೋಡೆಲ್‌ಶ್ವಿಂಗ್ ಅಯ್ಯನವರು. 1831ರಲ್ಲಿ ಹುಟ್ಟಿದರು. ತಂದೆಯು ಪ್ರಷ್ಯದ ಅರಸನ ಮಂತ್ರಿ. ಆದದರಿಂದ ಬಾಲಕನಾಗಿದ್ದಾಗ ರಾಜಕುಮಾರನ ಜೊತೆಗಾರರಾಗಿ ಆಡಿದವರು. ಯೌವನದಲ್ಲಿ ಒಕ್ಕಲುತನವನ್ನು ಕಲಿತು ದೊಡ್ಡ ಜಮೀನೊಂದನ್ನು ನೋಡಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಬಡ ಚೀನೀ ಹುಡುಗನೊಬ್ಬನ ವಿಷಯವಾದ ಸಣ್ಣ ಮಿಶನ್ ಪುಸ್ತಕವು ಕೈಗೆ ಸಿಕ್ಕಿ, ಅವರ ಮನಸ್ಸು ತಿರುಗಿತು. ಮಿಶನೆರಿಯಾಗಬೇಕೆಂದು ದೇವವಿದ್ಯೆಯನ್ನು ಕಲಿಯಲು 1854ರಲ್ಲಿ ಬಾಸೆಲ್ ಪಟ್ಟಣಕ್ಕೆ ಹೋದರು. ಅದೇ ಪಟ್ಟಣದ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದವರೆಂಬದನ್ನು ನಮ್ಮ ಸಭೆಯವರಿಗೆ ಹೇಳಬೇಕಾದದ್ದಿಲ್ಲ. ಆದರೆ ಈ ಅಯ್ಯನವರು ಸಮುದ್ರ ದಾಟಲಿಲ್ಲ. 1858ರಿಂದ 1864ರ ವರೆಗೆ ಪಾರಿಸ್ ಪಟ್ಟಣದಲ್ಲಿ ಬೀದಿ ಗುಡಿಸಿಯೂ ಚಿಂದಿ ಆಯ್ದೂ ಬದುಕುತ್ತಿದ್ದ ಜರ್ಮನರ ನಡುವೆ ಸೇವೆ ಮಾಡಿದರು. ಆಮೇಲೆ ಡೆಲ್‌ವಿಗ್ ಎಂಬ ಊರಿನ ಸಭೆಗೆ ಬೋಧಕರಾದರು. ಅಲ್ಲಿ 1869ರ ಜನವರಿಯಲ್ಲಿ ಎರಡೇ ವಾರಗಳೊಳಗೆ ಅವರ ನಾಲ್ಕು ಮಂದಿ ಮಕ್ಕಳೂ ರೋಗದಿಂದ ತೀರಿಹೋದರು. ಆಗ ಅವರಿಗಿದ್ದ ಮಕ್ಕಳು ಅಷ್ಟೇ. ಈ ಸಂಗತಿಗೆ ನಾವು ಏನನ್ನೂ ಕೂಡಿಸುವದಿಲ್ಲ. 1872ರಲ್ಲಿ ಬೀಲೆಫೆಲ್ಡ್ ಪಟ್ಟಣದ ಬಳಿಯಲ್ಲಿ ಮೂರ್ಛೆರೋಗಿಗಳಿಗಾಗಿ ಇದ್ದ ಆಶ್ರಯದ ಭಾರವನ್ನು ವಹಿಸಿಕೊಂಡರು. ಬೇತೇಲೆಂದು ಹೆಸರಾದ ಆ ಸ್ಥಳವು ಈ ದಿನದ ವರೆಗೂ ನಡೆಯುತ್ತಿದೆ.

ಇನ್ನು ಮುಖ್ಯ ಸಂಗತಿಗೆ ಬರೋಣ. 1873ರಲ್ಲಿ ಜರ್ಮನಿಯ ವ್ಯಾಪಾರವು ಕುಸಿದು ಕಾರ್ಖಾನೆಗಳು ಮುಚ್ಚಿದವು. ಕೆಲಸ ಕಳಕೊಂಡವರು ಗುಂಪುಗುಂಪಾಗಿ ಹೆದ್ದಾರಿ ಹಿಡಿದರು. ಭಿಕ್ಷೆ ಬೇಡುವದು ಆಗ ಆ ದೇಶದ ಕಾನೂನಿನಲ್ಲಿ ಅಪರಾಧವಾಗಿತ್ತು. ಬೇಡುವದನ್ನು ಬಿಡದವನನ್ನು ಸೆರೆಯ ತರುವಾಯ ಎರಡು ವರುಷಗಳ ವರೆಗೆ ಬಲವಂತದ ದುಡಿಮೆಯ ಮನೆಗೆ ಕಳುಹಿಸಬಹುದಾಗಿತ್ತು. ಇದರ ಸುತ್ತನ್ನು ನೋಡಿರಿ. ಕೆಲಸವಿಲ್ಲದೆ ಬೇಡಿದನು, ಬೇಡಿದ್ದಕ್ಕೆ ಸೆರೆಗೆ ಹೋದನು, ಹರಕು ಅಂಗಿಯಲ್ಲಿ ಹೊರಗೆ ಬಂದವನಿಗೆ, ಸೆರೆಯಿಂದ ಬಂದವನೆಂಬ ಕಾರಣದಿಂದ, ಯಾರೂ ಕೆಲಸ ಕೊಡರು, ಕೊಡದದ್ದರಿಂದ ಮತ್ತೆ ಬೇಡಿದನು. ಗಾಣದೆತ್ತಾದರೂ ಸಂಜೆಗೆ ಕೊಟ್ಟಿಗೆಯನ್ನು ಸೇರುವದು. ಇವನಿಗೆ ಅದೂ ಇಲ್ಲ.

ಇಂಥವರು ಬೇತೇಲಿನ ಬಾಗಲನ್ನೂ ತಟ್ಟುತ್ತಿದ್ದರು. ಅಯ್ಯನವರು 1882ರಲ್ಲಿ ಸೆನ್ನೆ ಎಂಬ ಬಂಜರು ಬಯಲಿನಲ್ಲಿ ನೆಲವನ್ನು ಪಡೆದು ವಿಲ್‌ಹೆಲ್ಮ್ಸ್‌ಡಾರ್ಫ್ ಎಂಬ ದುಡಿಮೆಯ ಊರನ್ನು ಸ್ಥಾಪಿಸಿದರು. ಜರ್ಮನಿಯಲ್ಲಿ ಇಂಥದ್ದು ಇದೇ ಮೊದಲನೆಯದು. ನಮ್ಮ ಒಕ್ಕಲಿಗರು ಕೇಳತಕ್ಕ ಮಾತೊಂದಿದೆ: ಅಂಥ ಬಂಜರಿನಲ್ಲಿ ಮೇಲೆ ಮರಳು, ಅದರ ಕೆಳಗೆ ತುಕ್ಕಿನ ಬಣ್ಣದ ಕಲ್ಲಿನಂಥ ಗಟ್ಟಿ ಪದರ. ಅದು ಬೇರನ್ನು ಇಳಿಯಗೊಡದು, ನೀರನ್ನು ಇಂಗಗೊಡದು. ಆ ಪದರವನ್ನು ಗುದ್ದಲಿಯಿಂದ ಒಡೆದು ತಿರುವಿಹಾಕಿದ ಹೊರತು ಅಲ್ಲಿ ಪೈರಿಲ್ಲ. ಕೆಲಸ ಬೇಕಾದವರಿಗೆ ಮುಗಿಯದಷ್ಟು ಕೆಲಸವು ಹೀಗೆ ನೆಲದೊಳಗೇ ಇತ್ತು. ಒಕ್ಕಲುತನವನ್ನು ಕಲಿತವರ ಕಣ್ಣಿಗೆ ಅದು ಕಂಡಿತು. ಬರುವವನನ್ನು ಯಾರೂ ಹಿಡಿದು ತರಲಿಲ್ಲ, ಹೋಗುವವನನ್ನು ಯಾರೂ ತಡೆಯಲಿಲ್ಲ. ಭಿಕ್ಷೆಗೆ ಬದಲಾಗಿ ಕೆಲಸವೆಂಬದೇ ಅಲ್ಲಿಯ ಧರ್ಮ. ಹೆದ್ದಾರಿಯಿಂದ ಬಂದವರನ್ನು ಅಯ್ಯನವರು ದಾರಿಯ ಸಹೋದರರೆಂದು ಕರೆಯುತ್ತಿದ್ದರು. ಕೆಲವೇ ವರುಷಗಳಲ್ಲಿ ಜರ್ಮನಿಯ ಬೇರೆ ಸೀಮೆಗಳಲ್ಲಿಯೂ ಇಂಥ ಊರುಗಳು ಎದ್ದವು.

ಮೇಲೆ ಕೇಳಿದ ಪ್ರಶ್ನೆಗೆ ಇಲ್ಲಿ ಒಂದು ಉತ್ತರವಿದೆಯೆಂದು ನಮಗೆ ತೋರುತ್ತದೆ. ದುಡಿಯಲೊಲ್ಲದವನು ಯಾರೆಂಬದು ಕೆಲಸವನ್ನು ಮುಂದಿಟ್ಟ ಮೇಲೆ ತಿಳಿಯತಕ್ಕದ್ದು, ಮುಂಚೆಯಲ್ಲ. ಗುದ್ದಲಿಯನ್ನೂ ನೆಲವನ್ನೂ ಸಿದ್ಧಮಾಡಿ ಸಂಜೆಗೆ ಸೂರನ್ನು ತೋರಿಸಬಲ್ಲವನು "ದುಡಿದು ಉಣ್ಣು" ಎಂದರೆ ಅದು ಕರೆಯುವ ಮಾತು. ಬರಿಗೈಯವನು ಅದನ್ನೇ ಹೇಳಿದರೆ ಬಾಗಲು ಮುಚ್ಚಿದ ಸಪ್ಪಳ. ನಮ್ಮ ಬಾಯಿಂದ ಬಂದದ್ದು ಎರಡನೆಯದು.

ನಮ್ಮ ಹಿರಿಯರಿಗೆ ಇದು ಅನುಭವದಿಂದ ತಿಳಿದಿತ್ತು. ದೀಕ್ಷಾಸ್ನಾನ ಹೊಂದಿದ್ದಕ್ಕಾಗಿ ಮನೆಯಿಂದಲೂ ಜಾತಿಯ ಕಸಬಿನಿಂದಲೂ ಹೊರದೂಡಲ್ಪಟ್ಟವರಿಗೆ ಬಾಸೆಲ್ ಮಿಶನಿನವರು ನೇಯಿಗೆಯ ಮಗ್ಗಗಳನ್ನು ಹೂಡಿದರು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಉಪದೇಶ ಮಾಡಿದವರೇ ಕೂಲಿಯನ್ನೂ ಕೊಡುವವರಾದದ್ದರಿಂದ ಕೆಲವು ತೊಡಕುಗಳು ಹುಟ್ಟಿದ್ದು ನಿಜ. ಅದನ್ನು ಬರೆಯಹೋದರೆ ಬೇರೆ ಲೇಖವೇ ಬೇಕು.

ಬೋಡೆಲ್‌ಶ್ವಿಂಗ್ ಅಯ್ಯನವರ ಉಪಾಯದಲ್ಲಿಯೂ ಮುಳ್ಳಿಲ್ಲದಿರಲಿಲ್ಲ. ಚಳಿಗಾಲಕ್ಕೆ ಬಂದು ಬೇಸಿಗೆಗೆ ಹೊರಟು ಮತ್ತೆ ಚಳಿಗಾಲಕ್ಕೆ ಬರುವವರು ಇಂಥ ಊರುಗಳಲ್ಲಿ ಅನೇಕರಿದ್ದರು. ಇದರಿಂದ ಏನು ಪ್ರಯೋಜನವೆಂದು ಕೇಳುವವರೂ ಇದ್ದರು. ಅದಕ್ಕಿಂತ ಭಾರವಾದದ್ದು ಅವರು 1910ರಲ್ಲಿ ತೀರಿಕೊಂಡ ಬಹುಕಾಲದ ಮೇಲೆ ಬಂತು. 1933ರಲ್ಲಿ ಹಿಟ್ಲರನ ಸರಕಾರವು ಭಿಕ್ಷುಕರನ್ನು ದೇಶದಲ್ಲೆಲ್ಲಾ ಹಿಡಿಸಿತು. 1938ರಲ್ಲಿ ಮೈಗಳ್ಳರೆಂಬ ಹೆಸರಿಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೆರೆಶಿಬಿರಗಳಿಗೆ ನೂಕಿತು. ಅನೇಕರು ಅಲ್ಲಿಂದ ತಿರಿಗಿ ಬರಲಿಲ್ಲ. 1933ರ ಆ ಹಿಡಿತವನ್ನು ಸಭೆಯ ದೀನಸೇವೆಯಲ್ಲಿದ್ದವರೇ ಕೆಲವರು ಮೆಚ್ಚಿಕೊಂಡರೆಂಬದು ನಮಗೆ ನಾಚಿಕೆಯ ಮಾತು. ದುಡಿಯಲೊಲ್ಲದವನನ್ನು ಬೇರ್ಪಡಿಸಬೇಕೆಂಬ ಆಶೆಯು ಪ್ರೀತಿಯ ಕೈಯಿಂದ ಅಧಿಕಾರದ ಕೈಗೆ ಹೋದಾಗ ಹೀಗಾಯಿತು. ಈ ದೋಷವನ್ನು ಸತ್ತ ಬೋಧಕರ ತಲೆಗೆ ಕಟ್ಟುವದು ನ್ಯಾಯವಲ್ಲ. ಆದರೂ ಆ ಬೇರ್ಪಡಿಸುವಿಕೆಯ ಬೀಜವು ನಮ್ಮ ಚೀಲದಲ್ಲಿಯೂ ಇದೆಯೆಂದು ತಿಳಿದಿರುವದು ಒಳ್ಳೇದು.

ಅವರ ಮುದಿವಯಸ್ಸಿನ ಒಂದು ಕಾರ್ಯವು ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿತು. ಬರ್ಲಿನ್ ಪಟ್ಟಣದಲ್ಲಿ ಮನೆಯಿಲ್ಲದವರಿಗಾಗಿ ನಗರದವರು ನಡಿಸುತ್ತಿದ್ದ ದೊಡ್ಡ ತಂಗುಮನೆಯಲ್ಲಿ ಜನರು ಸಾಲುಸಾಲಾಗಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಅದನ್ನು ಕಂಡ ಅಯ್ಯನವರು 1905ರಲ್ಲಿ, ತಮ್ಮ 74ನೆಯ ವಯಸ್ಸಿನಲ್ಲಿ, ಆ ಪಟ್ಟಣದ ಹೊರಗೆ ಹೋಫ್‌ನುಂಗ್ಸ್‌ಟಾಲ್, ಅಂದರೆ ನಿರೀಕ್ಷೆಯ ಕಣಿವೆ, ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಪ್ರತಿಯೊಬ್ಬನಿಗೂ ಒಂದು ಸಣ್ಣ ಕೋಣೆ. ಒಬ್ಬನೇ ಮಲಗತಕ್ಕದ್ದು, ಅವನೇ ಗುಡಿಸತಕ್ಕದ್ದು, ಕದವನ್ನು ಅವನೇ ಹಾಕಿಕೊಳ್ಳತಕ್ಕದ್ದು. ಖರ್ಚು ಹೆಚ್ಚಾಗುವದಿಲ್ಲವೋ ಎಂದು ಯಾರಿಗಾದರೂ ತೋರೀತು, ಹೆಚ್ಚಾಗುವದೇ. ಆದರೆ ವರುಷಗಟ್ಟಲೆ ಇತರರ ಕದದ ಹೊರಗೆ ನಿಂತವನಿಗೆ ತನ್ನದೆಂಬ ಕದವೊಂದು ಇರುವದೆಂದರೆ ಏನೆಂದು ಮಂತ್ರಿಯ ಮನೆಯಲ್ಲಿ ಹುಟ್ಟಿದವರು ತಿಳಿದರಲ್ಲಾ! ಅವರು 1903ರಲ್ಲಿ ಪ್ರಷ್ಯದ ಶಾಸನಸಭೆಗೂ ಹೋಗಿ, ದಾರಿಗರಿಗೆ ಅಲ್ಲಲ್ಲಿ ಕೆಲಸದ ಸ್ಥಳಗಳಿರಬೇಕೆಂದು ದುಡಿದರು; 1907ರಲ್ಲಿ ಅದರ ವಿಷಯವಾದ ಕಾನೂನಾಯಿತು.

ಇದನ್ನೆಲ್ಲಾ ಓದಿದ ಮೇಲೆ ನಾವು ನಮ್ಮ ಸಭೆಯ ಹಿರಿಯರ ಕೂಟದಲ್ಲಿ ಒಂದು ಮಾತನ್ನು ಎತ್ತಿದೆವು. ಆರಾಧನೆಯ ಮನೆಯ ಹಿಂದಿನ ಹಾಳು ಗೋಡೆಯ ಕೆಲಸವನ್ನು ಕೂಲಿಗೆ ಹಚ್ಚಿ ಒಂದೇ ಸಲ ಮುಗಿಸದೆ, ಬಾಗಲಿಗೆ ಬರುವ ದಾರಿಗರಿಗೆಂದು ಇಡೋಣ. ಬಂದವನು ಮೊದಲು ಉಣ್ಣಲಿ, ಆಮೇಲೆ ಮನಸ್ಸಿದ್ದರೆ ಅರ್ಧ ದಿನ ಕಲ್ಲು ಹೊರಲಿ, ಕೂಲಿ ತಕ್ಕೊಳ್ಳಲಿ, ಶಾಲೆಯ ಪಡಸಾಲೆಯಲ್ಲಿ ಮಲಗಲಿ ಎಂದೆವು. ಹಿರಿಯರಲ್ಲೊಬ್ಬರು, "ಉಂಡು ಹೋದರೆ ಹೋಗಲಿ, ಉಪದೇಶಿಗಳೇ, ಗುದ್ದಲಿಯನ್ನೂ ಒಯ್ದರೆ ಏನು ಮಾಡೋಣ?" ಎಂದು ಕೇಳಿದರು. ಕೂಟದಲ್ಲಿ ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಅದೇ ಹಿರಿಯರು ಮರುದಿನ ತಮ್ಮ ಮನೆಯ ಹಳೇ ಗುದ್ದಲಿಗೆ ಹೊಸ ಕಾವು ಹಾಕಿಸಿ ತಂದುಕೊಟ್ಟರು. ಅದು ಈಗ ನಮ್ಮ ಜಗಲಿಯ ಮೂಲೆಯಲ್ಲಿದೆ. ಸುಗ್ಗಿ ಮುಗಿಯಲು ಇನ್ನು ಮೂರು ವಾರಗಳಿವೆ.